ಸಹಾಯ ಬೇಕು: ಹೇಂಟೆ ಯಾಕೆ ಕುಂಟುತ್ತಿದೆ?

ನಮಸ್ಕಾರ, ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಹಿತ್ತಲಲ್ಲಿ ಆರು ಜವಾರಿ ಕೋಳಿ ಇವೆ. ಕೆಂಪು ಹೇಂಟೆ ನಾಲ್ಕು ದಿನದಿಂದ ಬಲಗಾಲು ಊರುತ್ತಿಲ್ಲ. ಬಳ್ಳಾರಿ ಜಾಲಿ ಮುಳ್ಳು ಚುಚ್ಚಿರಬೇಕು ಅಂದುಕೊಂಡೆ, ನಮ್ಮ ಬೇಲಿಯೆಲ್ಲ ಅದೇ. ನಿನ್ನೆ ಸಂಜೆ ಹಿಡಿದು ಪಾದ ತೊಳೆದು ನೋಡಿದರೆ ಮುಳ್ಳು ಕಾಣಲಿಲ್ಲ. ಅಂಗಾಲ ನಡುವೆ ಜೋಳದ ಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಊದಿ ಬಿಸಿಯಾಗಿದೆ. ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆ. ಕಾಳು ತಿನ್ನುತ್ತಿದೆ, ಮೊಟ್ಟೆ ಮಾತ್ರ ನಿಲ್ಲಿಸಿದೆ.

ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬೀಳುವ ಮರೆಕ್ಸ್ ರೋಗದ ಹಾಗಂತೂ ಇಲ್ಲ. ಬಂಬಲ್‌ಫುಟ್, ಅಂದರೆ ಅಂಗಾಲಿಗೆ ಸೋಂಕು ತಗುಲಿ ಊದುವ ರೋಗ, ಇರಬಹುದಾ? ಬೆಚ್ಚಗಿನ ಉಪ್ಪುನೀರಲ್ಲಿ ಕಾಲು ಅದ್ದಿ, ಬೇರೆ ಬುಟ್ಟಿಯಲ್ಲಿ ಭತ್ತದ ಹುಲ್ಲು ಹಾಸಿ ಇಟ್ಟಿದ್ದೇನೆ. ಹಕ್ಕಳೆ ಕಿತ್ತು ಅರಿಶಿನ ತುಂಬು ಅಂತಾರೆ ಅತ್ತೆ. ನನಗೆ ಧೈರ್ಯವಿಲ್ಲ. ಪಶು ಡಾಕ್ಟರ್ ಸಿಗೋದು ಸೋಮವಾರ. ಅಲ್ಲಿವರೆಗೆ ಸುಮ್ನೆ ಬಿಡಲಾ? ಸಾಕಿದವರು ಹೇಳಿ.