ಗ್ರೀನ್ ಸ್ವಾಂಪ್ ನಡಿಗೆ: ಮೇ ತಿಂಗಳಲ್ಲಿ ವೀನಸ್ ಫ್ಲೈಟ್ರ್ಯಾಪ್ ಹುಡುಕೋದು ಹೇಗೆ?

ರ್‍ಯಾಲಿ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಮೇ ಮೂರನೇ ಶನಿವಾರ ನಾರ್ತ್ ಕೆರೊಲಿನಾದ ಗ್ರೀನ್ ಸ್ವಾಂಪ್‌ನಲ್ಲಿ ಗೈಡ್ ಜೊತೆಗಿನ ನಡಿಗೆಗೆ ಹೆಸರು ಕೊಟ್ಟಿದ್ದೇವೆ. ಏಳು ವರ್ಷದ ಮಗಳು, ಮೈಸೂರಿಂದ ಬಂದಿರುವ ಅತ್ತೆ ಜೊತೆಗಿರುತ್ತಾರೆ. ಕಾಲಿಗೆ ಏನು ಹಾಕಬೇಕು? ಎಲೆಯ ಬಲೆಯಲ್ಲಿ ಹುಳ ಹಿಡಿದು ತಿನ್ನುವ ವೀನಸ್ ಫ್ಲೈಟ್ರ್ಯಾಪ್ ಗಿಡ ಕಾಣದೆ ವಾಪಸ್ ಬರುವವರೇ ಜಾಸ್ತಿ ಅಂತಾರೆ, ಯಾಕೆ? ಬೆಂಕಿ ಹಾಕಿದ ಭಾಗಕ್ಕೂ ಕರೆದೊಯ್ಯುತ್ತಾರಂತೆ, ಅಲ್ಲಿ ನೋಡೋಕೆ ಏನು ಉಳಿದಿರುತ್ತೆ?

ಜೌಗುಪ್ರಿಯ:
ಮೇಡಂ, ಬೆಂಕಿ ಬಿದ್ದ ಭಾಗವನ್ನೇ ಮೊದಲು ಕೇಳಿ ಹೋಗಿ. ಲಾಂಗ್‌ಲೀಫ್ ಪೈನ್ ಸವನ್ನಾ (ಪೈನ್ ಮರಗಳು ಅಲ್ಲಲ್ಲಿ ನಿಂತ ಹುಲ್ಲುಗಾವಲು) ಬದುಕಿರುವುದೇ ಬೆಂಕಿಯಿಂದ. ಕೆಲವು ವರ್ಷಕ್ಕೊಮ್ಮೆ ಸುಡದಿದ್ದರೆ ಪಕ್ಕದ ಪೊಕೊಸಿನ್‌ನ (ದಟ್ಟ ಪೊದೆ ಬೆಳೆದ ಜೌಗು) ಪೊದೆಗಳು ನುಗ್ಗಿ ನೆಲಕ್ಕೆ ಬಿಸಿಲೇ ಬೀಳುವುದಿಲ್ಲ. ಫ್ಲೈಟ್ರ್ಯಾಪ್ ಗಿಡ ಅಂಗೈಯಗಲ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಮೇಲಿನ ಎಲೆ ಸುಟ್ಟರೂ ಮಣ್ಣೊಳಗಿನ ಗಡ್ಡೆ ಮತ್ತೆ ಚಿಗುರುತ್ತದೆ, ನೆರಳು ಕವಿದರೆ ಮಾತ್ರ ಸೊರಗಿ ಸಾಯುತ್ತದೆ. ಅಲ್ಲಿ ಹುಲ್ಲಿನ ಗುಚ್ಛದಂತೆ ಕಾಣುವುದೆಲ್ಲ ಹುಲ್ಲಲ್ಲ, ಎಷ್ಟೋ ಎಳೆಯ ಪೈನ್ ಸಸಿಗಳೇ. ಉದ್ದನೆಯ ಸೂಜಿಎಲೆಗಳು ನಡುವಿನ ಮೊಗ್ಗನ್ನು ಬೆಂಕಿಯಿಂದ ಕಾಯುತ್ತವೆ.

ಕಾಣದಿರಲು ಕಾರಣ: ಜನ ಒಣ ಸವನ್ನಾದ ನಡುವೆ ಹುಡುಕುತ್ತಾರೆ. ಸವನ್ನಾ ಮುಗಿದು ಪೊಕೊಸಿನ್ ಶುರುವಾಗುವ ಅಂಚಿನಲ್ಲಿ, ನೆಲ ಒದ್ದೆಯಾಗಿ ಮೇಲೆ ಬಯಲಿರುವ ಪಟ್ಟಿಯಲ್ಲಿ ನೋಡಿ. ಮೇ ಕೊನೆಯ ಹೊತ್ತಿಗೆ ಹೂವಿನ ಕಾಲ. ಗೇಣುದ್ದದ ದಂಟಿನ ತುದಿಯಲ್ಲಿ ಬಿಳಿ ಹೂವು ಕಂಡರೆ ಅಲ್ಲೇ ನಿಂತು ಬುಡ ನೋಡಿ, ಬಲೆಗಳು ಸಿಕ್ಕೇ ಸಿಗುತ್ತವೆ. ಪರಾಗ ತರುವ ಹುಳ ಬಲೆಗೆ ಬೀಳದಿರಲಿ ಅಂತ ಹೂವು ಅಷ್ಟು ಎತ್ತರದಲ್ಲಿ.

ಕೊಳವೆಯಂಥ ಎಲೆಯಲ್ಲಿ ಹುಳ ಹಿಡಿಯುವ ಹಳದಿ ಹೂಜಿ ಗಿಡವನ್ನು (ಪಿಚರ್ ಪ್ಲಾಂಟ್) ಸೂರ್ಯನಿಗೆ ಎದುರಾಗಿ ನೋಡಿ: ಕೊಳವೆಯೊಳಗೆ ಸಿಕ್ಕ ಹುಳಗಳ ಕಪ್ಪು ನೆರಳು ಹೊರಗೇ ಕಾಣುತ್ತದೆ. ಮಕ್ಕಳು ಅಲ್ಲಿಂದ ಏಳೋದೇ ಇಲ್ಲ. ನಮ್ಮ ಕರಾವಳಿಯ ಪದವುಗಳಲ್ಲಿ ಮಳೆಗಾಲಕ್ಕೆ ಕಾಣುವ ಹುಳ ತಿನ್ನುವ ಗಿಡ ಡ್ರೊಸೆರಾದ ಬಳಗದವೂ ಇಲ್ಲಿವೆ, ಅಂಟು ಹನಿ ಹೊತ್ತ ಕೆಂಪು ಎಲೆಯಿಂದ ಗುರುತು ಹಿಡಿಯಬಹುದು.

ಒದ್ದೆಕಾಲು:
ಕಾಲಿನ ವಿಷಯಕ್ಕೆ ಬರ್ತೀನಿ. ಮಳೆ ಬಿದ್ದ ವಾರದಲ್ಲಿ ಪಾದ ಮುಳುಗುವಷ್ಟು ನೀರಿರುತ್ತದೆ. ವಾಟರ್‌ಪ್ರೂಫ್ ಶೂ ಬೇಡ, ಮೇಲಿಂದ ನೀರು ನುಗ್ಗಿದರೆ ಹೊರಗೆ ಹೋಗುವುದಿಲ್ಲ. ಮಗುವಿಗೆ ಮೊಣಕಾಲುದ್ದದ ರಬ್ಬರ್ ಬೂಟು. ದೊಡ್ಡವರಿಗೆ ಜಾಲರಿ ಬಟ್ಟೆಯ ಹಳೇ ರನ್ನಿಂಗ್ ಶೂ, ಉದ್ದ ಉಲ್ಲನ್ ಸಾಕ್ಸ್. ಪ್ಯಾಂಟಿನ ತುದಿ ಸಾಕ್ಸ್ ಒಳಗಿರಲಿ.

ಹಾವಿಗಿಂತ ಉಣ್ಣಿ ಮತ್ತು ಚಿಗರ್ (ಕಣ್ಣಿಗೆ ಕಾಣದಷ್ಟು ಸಣ್ಣ, ಕಚ್ಚುವ ನುಸಿ) ಕಾಟ ಹೆಚ್ಚು. ಹಿಂದಿನ ದಿನವೇ ಶೂ, ಸಾಕ್ಸ್, ಪ್ಯಾಂಟಿಗೆ 0.5% ಪರ್ಮೆಥ್ರಿನ್ ಕೀಟನಾಶಕ ಸಿಂಪಡಿಸಿ ಹೊರಗೆ ಒಣಹಾಕಿ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಬಟ್ಟೆ ಹತ್ತಿರ ಬಿಡಬೇಡಿ, ಅದಕ್ಕೆ ವಿಷ. ಚರ್ಮಕ್ಕೆ ಹುಳ ದೂರವಿಡುವ 20% ಪಿಕಾರಿಡಿನ್ ಸಾಕು. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಮಂಡಿ ಹಿಂದೆ, ಕಿವಿ ಹಿಂದೆ, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ.

ರ್‍ಯಾಲಿ ಕನ್ನಡತಿ:
ತುಂಬಾ ಉಪಕಾರ. ಮಗಳು ಬಲೆ ಮುಟ್ಟಿ ಮುಚ್ಚೋದು ನೋಡ್ಬೇಕು ಅಂತ ಹಟ ಹಿಡಿದಿದ್ದಾಳೆ. ಒಂದು ಸಲ ಮುಟ್ಟಿದರೆ ತೊಂದರೆಯೇ?

ಜೌಗುಪ್ರಿಯ:
ದಯವಿಟ್ಟು ಬೇಡ. ಬಲೆಯ ಒಂದೊಂದು ಹಾಳೆಯಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ರೋಮ. ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಸೋಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತದೆ. ಒಳಗೆ ಹುಳವಿಲ್ಲದಿದ್ದರೆ ತೆರೆಯಲು ಅರ್ಧ ದಿನವೋ ಒಂದು ದಿನವೋ ಬೇಕು. ಹೀಗೆ ಕೆಲವೇ ಸಲ, ಆಮೇಲೆ ಆ ಎಲೆ ಸಾಯುತ್ತದೆ. ಒಂದು ಮಗು ಮುಟ್ಟಿದರೆ ಏನೂ ಆಗದಿರಬಹುದು. ಆದರೆ ದಾರಿ ಪಕ್ಕದ ಅದೇ ಗಿಡಕ್ಕೆ ಬಂದವರೆಲ್ಲ ಕೈ ಹಾಕುತ್ತಾರೆ. ನರ್ಸರಿಯಲ್ಲಿ ಬೆಳೆಸಿದ ಗಿಡ ಕೊಂಡು ಮನೆಯಲ್ಲಿ ತೋರಿಸಿ. ನಲ್ಲಿ ನೀರು ಹಾಕಬೇಡಿ, ಅದರ ಲವಣಕ್ಕೆ ಬೇರು ಕೆಡುತ್ತದೆ. ಮಳೆನೀರು ಅಥವಾ ಡಿಸ್ಟಿಲ್ಡ್ ನೀರು.

ಫೋಟೋ ತೆಗೆಯುವ ಮುನ್ನ ಫೋನಿನ ಲೊಕೇಶನ್ ಆಫ್ ಮಾಡಿ. ಅಲ್ಲಿಂದ ಗಿಡ ಕೀಳುವುದು 2014ರಿಂದ ಫೆಲನಿ, ಅಂದರೆ ಗಂಭೀರ ಅಪರಾಧ, ಆದರೂ ಕಳ್ಳರು ಬರುತ್ತಾರೆ. ಮಂಡಿಯೂರುವ ಮೊದಲು ಮಂಡಿ ಇಡುವ ಜಾಗ ನೋಡಿ, ರೂಪಾಯಿ ನಾಣ್ಯದಷ್ಟು ಸಣ್ಣ ಗಿಡಗಳೂ ಇರುತ್ತವೆ.

ಒದ್ದೆಕಾಲು:
ಅತ್ತೆಯವರಿಗಾಗಿ ಇನ್ನೊಂದು ಮಾತು. ಪೊಕೊಸಿನ್ ನಡುವಿನ ಹಲಗೆ ಹಾದಿ ಒದ್ದೆಯಾದರೆ ಜಾರುತ್ತದೆ, ಕೈಗೋಲು ಕೊಡಿ. ಸವನ್ನಾದಲ್ಲಿ ನೆರಳು ಕಡಿಮೆ, ಒಬ್ಬೊಬ್ಬರಿಗೆ 2 ಲೀಟರ್ ನೀರು ಇರಲಿ. 211ನೇ ಹೆದ್ದಾರಿ ಪಕ್ಕದ ಪಾರ್ಕಿಂಗ್‌ನಲ್ಲಿ ಶೌಚಾಲಯವಿಲ್ಲ, ದಾರಿಯಲ್ಲೇ ಮುಗಿಸಿಕೊಂಡು ಬನ್ನಿ.