ಮಗಳು ಕಬಡ್ಡಿ ಆಡ್ತಾಳೆ, ಹಲ್ಲಿನ ಬಗ್ಗೆ ಗೊತ್ತಿದ್ದವರು ಹೇಳಿ

ಪ್ರಶ್ನೆ (ಗದಗದಿಂದ):
ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ವರ್ಷ, ಶಾಲಾ ತಂಡದಲ್ಲಿ ರೈಡರ್. ಪ್ರಾಕ್ಟೀಸಿನಲ್ಲಿ ಎದುರಿನವಳ ಮೊಣಕೈ ಬಡಿದು ಮುಂದಿನ ಹಲ್ಲಿನ ತುದಿ ಚಕ್ಕೆ ಎದ್ದಿದೆ. ನೋವಿಲ್ಲ, ತಣ್ಣೀರು ಕುಡಿದರೆ ಮಾತ್ರ ಜುಮ್ ಅನ್ನುತ್ತದಂತೆ. ಮನೆಯಲ್ಲಿ ಹಿರಿಯರು ಸುಮ್ನೆ ಬಿಡು ಅಂತಾರೆ. ಹಲ್ಲಿಗೆ ಪೆಟ್ಟು ಬೀಳದಂತೆ ಬಾಯಲ್ಲಿ ಹಾಕೋ ಮೌತ್‌ಗಾರ್ಡ್ ಹಾಕಿದರೆ ‘ಕಬಡ್ಡಿ ಕಬಡ್ಡಿ’ ಅನ್ನೋಕೆ ಬರಲ್ಲ ಅಂತಾರೆ ಅವಳ ಕೋಚ್. ದಿನಾ ಬಾಟಲಿ ತುಂಬ ಗ್ಲೂಕೋಸ್ ನೀರು ಒಯ್ಯುತ್ತಾಳೆ, ಅದೂ ಹಲ್ಲಿಗೆ ಕೆಟ್ಟದ್ದಾ? ಅನುಭವ ಇದ್ದವರು ತಿಳಿಸಿ.

ಹಾವೇರಿಯ ಕಬಡ್ಡಿ ಕೋಚ್:
ಅಕ್ಕಾರೇ, ನಿಮ್ಮ ಕೋಚ್ ಹೇಳಿದ್ದು ಅರ್ಧ ನಿಜ. ಅಂಗಡಿಯ ರೆಡಿಮೇಡ್ ಗಾರ್ಡ್ ಬಾಯಲ್ಲಿ ಸರಿಯಾಗಿ ಕೂರುವುದಿಲ್ಲ, ಬೀಳದಂತೆ ಕಚ್ಚಿ ಹಿಡಿಯಬೇಕು. ಹಲ್ಲು ಕಚ್ಚಿಕೊಂಡು ‘ಕಬಡ್ಡಿ’ ಅನ್ನೋದು ಹೇಗೆ? ಅಂಪೈರ್‌ಗೆ ಕೇಳಿಸದಿದ್ದರೆ ರೈಡೇ ಹೋಯಿತು. ಇನ್ನೊಂದು, ಬಿಸಿನೀರಲ್ಲಿ ಅದ್ದಿ ಮೆತ್ತಗಾದ ಮೇಲೆ ಕಚ್ಚಿ ಅಚ್ಚು ತೆಗೆಯುವಂಥದ್ದು. ಕೆಲವರಿಗೆ ಚೆನ್ನಾಗಿ ಕೂರುತ್ತದೆ. ಕೆಲವರು ಜೋರಾಗಿ ಕಚ್ಚಿ ತೆಳ್ಳಗೆ ಮಾಡಿಬಿಡುತ್ತಾರೆ, ಆಮೇಲೆ ಅದನ್ನು ಹಾಕಿಯೂ ಉಪಯೋಗವಿಲ್ಲ.

ಮೂರನೆಯದು ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆದು ಮಾಡಿಕೊಡುವುದು. ದುಡ್ಡು ಜಾಸ್ತಿ, ಆದರೆ ಮೇಲಿನ ಹಲ್ಲಿಗೆ ತಾನಾಗಿ ಹಿಡಿದು ಕೂರುತ್ತದೆ. ಬಾಯಿ ತೆರೆದರೂ ಬೀಳಲ್ಲ. ನಮ್ಮ ತಂಡದ ಒಬ್ಬ ಹುಡುಗಿ ಇದನ್ನೇ ಹಾಕುತ್ತಾಳೆ. ಮೊದಮೊದಲು ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಮನೆಯಲ್ಲಿ ಗಾರ್ಡ್ ಹಾಕಿಕೊಂಡೇ ಪಾಠ ಜೋರಾಗಿ ಓದು ಅಂದೆ. ಈಗ ಅವಳು ಹಾಕಿದ್ದಾಳೋ ಇಲ್ಲವೋ ಕೇಳಿದರೆ ಗೊತ್ತಾಗಲ್ಲ. ಟೂರ್ನಮೆಂಟ್ ಇದ್ದಾಗ ಅಂಪೈರ್‌ಗೆ ಮೊದಲೇ ಒಂದು ಮಾತು ಹೇಳಿಬಿಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಸೊಟ್ಟ ಆಗುತ್ತದೆ.

ಧಾರವಾಡದ ದಂತವೈದ್ಯೆ:
ಸುಮ್ನೆ ಬಿಡಬೇಡಿ. ಜುಮ್ ಅನ್ನುತ್ತಿದೆ ಅಂದರೆ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಹೊದಿಕೆ) ಕೆಳಗಿನ ಪದರ ಬಯಲಾಗಿರಬಹುದು. ಬೇರಿಗೆ ಪೆಟ್ಟಾಗಿದೆಯಾ ಅಂತ ಎಕ್ಸ್‌ರೇ ತೆಗೆಸಿ ನೋಡಬೇಕು. ಪೆಟ್ಟು ತಿಂದ ಹಲ್ಲು ಎಷ್ಟೋ ತಿಂಗಳಾದ ಮೇಲೆ ಕಪ್ಪಾಗುವುದೂ ಉಂಟು, ಹಾಗಾಗಿ ಒಂದು ಸಲ ತೋರಿಸಿದರೆ ಮುಗಿಯಲ್ಲ. ಚಕ್ಕೆ ಸಿಕ್ಕಿದ್ದರೆ ಒಯ್ಯಿರಿ, ಅದನ್ನೇ ಅಂಟಿಸಲು ಬರುತ್ತದೆ. ಇಲ್ಲದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್. ನಿಮಗೆ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ದೂರ ಅಲ್ಲ, ಹುಬ್ಬಳ್ಳಿಗೆ ಬಂದರೆ ಅಲ್ಲಿಂದ ಧಾರವಾಡದ ಕಡೆ ಓಡುವ ಚಿಗರಿ ಬಸ್ ಇದೆ.

ಕೋಚ್ ಸರ್, ಇದು ನಿಮಗೂ. ಹಲ್ಲು ಇಡಿಯಾಗಿ ಕಿತ್ತು ಬಂದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಮೆಲ್ಲಗೆ ತೊಳೆಯಿರಿ. ತಿಕ್ಕಬೇಡಿ, ಸೋಪು ಬೇಡ. ಅಲ್ಲೇ ಅದರ ಜಾಗಕ್ಕೆ ಕೂರಿಸಿ, ಬಟ್ಟೆ ಕಚ್ಚಿಸಿ, ಕರೆದುಕೊಂಡು ಓಡಿ. ಕೂರಿಸಲು ಆಗದಿದ್ದರೆ ಹಾಲಿನಲ್ಲಿ ಹಾಕಿ ತನ್ನಿ. ಮೈದಾನದ ಹತ್ತಿರ ಚಹಾ ಅಂಗಡಿ ಇದ್ದೇ ಇರುತ್ತದೆ, ಬಿಸಿ ಹಾಲು ಮಾತ್ರ ಬೇಡ. ಅರ್ಧ ಗಂಟೆಯೊಳಗೆ ತಲುಪಿದರೆ ಹಲ್ಲು ಉಳಿಯುವ ಆಸೆ ಜಾಸ್ತಿ. ನಮ್ಮ ಬಳಿ ಬರುವುದು ಕರ್ಚೀಫಿನಲ್ಲಿ ಸುತ್ತಿದ ಹಲ್ಲುಗಳೇ. ಅಷ್ಟರಲ್ಲಿ ಬೇರಿನ ಮೇಲಿನ ಜೀವಕೋಶಗಳು ಒಣಗಿ ಸತ್ತಿರುತ್ತವೆ. ಹಾಲುಹಲ್ಲು ಆಗಿದ್ದರೆ ವಾಪಸ್ ಕೂರಿಸಬಾರದು.

ಹುಬ್ಬಳ್ಳಿಯ ಓಟಗಾರ:
ಗ್ಲೂಕೋಸ್ ನೀರು ಎಷ್ಟು ಕುಡಿಯುತ್ತಾಳೆ ಅನ್ನೋದಕ್ಕಿಂತ ಎಷ್ಟು ಸಲ ಗುಟುಕರಿಸುತ್ತಾಳೆ ನೋಡಿ. ಪ್ರತಿ ಗುಟುಕಿಗೂ ಬಾಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಡುವಾಗ ಬಾಯಿಂದ ಉಸಿರಾಡಿ ಜೊಲ್ಲೂ ಒಣಗಿರುತ್ತದೆ, ಆಮ್ಲ ತೊಳೆಯೋರು ಯಾರು? ಸ್ಪೋರ್ಟ್ಸ್ ಡ್ರಿಂಕ್‌ಗಳಂತೂ ತಾವೇ ಹುಳಿ, ಹೆಚ್ಚಿನವುಗಳ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 3-4ರ ಆಸುಪಾಸು. ಪಿಎಚ್ 5.5ರ ಕೆಳಗೆ ಇಳಿದರೆ ಎನಾಮೆಲ್ ಕರಗಲು ಶುರು.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದಂತ ಚಿಕಿತ್ಸಾಲಯಕ್ಕೆ ಬಂದ 302 ಆಟಗಾರರನ್ನು ಪರೀಕ್ಷಿಸಿದಾಗ 55% ಜನರಿಗೆ ಹುಳುಕು ಹಲ್ಲು, 76% ಜನರಿಗೆ ಒಸಡಿನ ಊತ ಕಂಡಿತ್ತು. ಹಲ್ಲು ತೋರಿಸಲು ಬಂದವರ ಲೆಕ್ಕ ಇದು, ಎಲ್ಲ ಆಟಗಾರರದ್ದಲ್ಲ. ಆದರೂ ಒಲಿಂಪಿಕ್ಸ್‌ವರೆಗೆ ಹೋದವರದ್ದೇ ಈ ಕಥೆ, ಅಲ್ವಾ? ಒಂದು ಗಂಟೆಯ ಪ್ರಾಕ್ಟೀಸಿಗೆ ಬರೀ ನೀರು ಸಾಕು. ಹುಳಿ ಡ್ರಿಂಕ್ ಕುಡಿದರೆ ಬಾಯಿ ಮುಕ್ಕಳಿಸಬೇಕು, ಆದರೆ ಅರ್ಧ ಗಂಟೆ ಬ್ರಷ್ ಹಾಕಬಾರದು. ಮೆತ್ತಗಾದ ಎನಾಮೆಲ್ ಸವೆಯುತ್ತದೆ.

ಧಾರವಾಡದ ಪೈಲ್ವಾನ್:
ನಮ್ಮ ಗರಡಿಯಲ್ಲಿ ತೂಕ ಇಳಿಸಲು ನೀರು ಕುಡಿಯೋದನ್ನೇ ಬಿಡುತ್ತಾರೆ. ಬಾಯಿ ಒಣಗಿ ವಾಸನೆ. ಇನ್ನು ಗುಟ್ಕಾ ಹಾಕೋ ಉಸ್ತಾದರು ಹುಡುಗರಿಗೆ ಹಲ್ಲು ತಿಕ್ಕು ಅಂದರೆ ಯಾರು ಕೇಳ್ತಾರೆ, ಬಿಡಿ.

ದಂತವೈದ್ಯೆ:
ಒಂದು ಮರೆತೆ. ಮುಂದೆ ದೊಡ್ಡ ಮಟ್ಟದಲ್ಲಿ ಆಡಿದರೆ ಹಲ್ಲಿನ ಡಾಕ್ಟರಿಗೆ ‘ಆಟಗಾರ್ತಿ’ ಅಂತ ಮೊದಲೇ ಹೇಳಿ. ಊತಕ್ಕೆ ಕೊಡುವ ಡೆಕ್ಸಾಮೆಥಸೋನ್ ತರಹದ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಪಂದ್ಯದ ಹೊತ್ತಿಗೆ ಡೋಪಿಂಗ್ ನಿಷೇಧದ ಪಟ್ಟಿಯಲ್ಲಿವೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ಗೆ ತೊಂದರೆ ಇಲ್ಲ.

ಪ್ರಶ್ನೆ ಕೇಳಿದವರು:
ತುಂಬ ಉಪಕಾರ ಆಯಿತು. ಚಕ್ಕೆ ಸಿಕ್ಕಿಲ್ಲ, ಈ ಶನಿವಾರ ಸತ್ತೂರಿಗೆ ಹೋಗ್ತೀವಿ. ಮುಂದಿನ ವರ್ಷ ಅವಳ ಹಲ್ಲಿಗೆ ಕ್ಲಿಪ್ ಹಾಕಿಸುವ ಯೋಚನೆ ಇದೆ ಮೇಡಂ. ಆಗ ಗಾರ್ಡ್?

ದಂತವೈದ್ಯೆ:
ಕ್ಲಿಪ್ ಇದ್ದರೆ ಗಾರ್ಡ್ ಬೇಕೇ ಬೇಕು. ಪೆಟ್ಟು ಬಿದ್ದರೆ ತಂತಿಗೆ ತುಟಿಯ ಒಳಗೆಲ್ಲ ಹರಿಯುತ್ತದೆ. ಆದರೆ ಹಲ್ಲು ಸರಿಯುತ್ತಾ ಹೋದಂತೆ ಹಳೇ ಗಾರ್ಡ್ ಕೂರಲ್ಲ. ಕ್ಲಿಪ್ ಹಾಕುವ ಡಾಕ್ಟರಿಗೇ ಹೇಳಿ, ಹಲ್ಲು ಸರಿಯಲು ಜಾಗ ಬಿಟ್ಟು ಮಾಡಿಕೊಡುತ್ತಾರೆ.