ಮಸಾಜ್ ಸ್ಪಾಗಳಲ್ಲಿ ನಿರಾಶೆಯಾದವರು ಅನುಭವ ತಿಳಿಸುವಿರಾ? ತಾಯಿಯನ್ನು ಕರೆದುಕೊಂಡು ಹೋಗಬೇಕಿದೆ

ಪ್ರಶ್ನೆ (ಬೆಂಗಳೂರಿನಿಂದ)

ನಮ್ಮ ತಾಯಿಗೆ ಅರವತ್ತು ದಾಟಿದೆ. ಮಂಡಿನೋವಿದೆ, ಸಕ್ಕರೆ ಕಾಯಿಲೆಯೂ ಇದೆ. ಅವರಿಗೆ ಎಣ್ಣೆ ಮಸಾಜ್ ಮಾಡಿಸಬೇಕೆಂಬ ಆಸೆಯಿಂದ, ಮೊದಲು ಸ್ಥಳ ಹೇಗಿದೆಯೆಂದು ತಿಳಿಯಲು ಮನೆಯ ಹತ್ತಿರದ ಒಂದು ಸ್ಪಾಗೆ ನಾನೊಬ್ಬಳೇ ಹೋಗಿದ್ದೆ. ಒಂದು ಗಂಟೆಯ ಮಸಾಜ್ ಎಂದವರು ಮುಕ್ಕಾಲು ಗಂಟೆಯೊಳಗೆ ಮುಗಿಸಿದರು. ಭುಜದಲ್ಲಿ ನೋವಿದೆಯೆಂದು ರಿಸೆಪ್ಷನ್‌ನಲ್ಲಿ ತಿಳಿಸಿದ್ದರೂ ಒಳಗೆ ಅದೇ ಭುಜವನ್ನು ಬಲವಾಗಿ ಒತ್ತಿದ್ದರಿಂದ ಮರುದಿನ ಕೈಯೆತ್ತುವುದೇ ಕಷ್ಟವಾಯಿತು. ಒಮ್ಮೆಗೆ ಮಾಡಿಸಿಕೊಂಡರೆ ದುಬಾರಿ, ಹತ್ತು ಸಲದ ಪ್ಯಾಕೇಜ್ ತೆಗೆದುಕೊಂಡರೆ ಅರ್ಧ ಬೆಲೆ ಎಂದು ಹೇಳಿ ಮೊದಲೇ ಪೂರ್ತಿ ಹಣ ಕಟ್ಟಿಸಿಕೊಂಡಿದ್ದಾರೆ. ಈಗ ಉಳಿದ ಹಣ ಕೇಳಿದರೆ ಹಿಂದಿರುಗಿಸುವ ಪದ್ಧತಿ ಇಲ್ಲ ಎನ್ನುತ್ತಿದ್ದಾರೆ. ಇಂಥ ಅನುಭವವಾದವರು ಏನು ಮಾಡಿದಿರಿ? ತಾಯಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಸರಿ?

ಮೈಸೂರಿನಿಂದ ಒಬ್ಬರು

ನಿಮಗಾದ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ದುಡ್ಡು ಹೋದದ್ದಕ್ಕಿಂತ, ನೆಮ್ಮದಿಗಾಗಿ ಹೋದ ಜಾಗದಲ್ಲಿ ನಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ ಎಂಬ ನೋವು ಹೆಚ್ಚು ದಿನ ಉಳಿಯುತ್ತದೆ.

ಮೊದಲು ಸಮಯದ ವಿಷಯ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಜಗಳಗಳು ಅಲ್ಲಿಂದಲೇ ಆರಂಭವಾಗುತ್ತವೆ. ಬೆಲೆಪಟ್ಟಿಯಲ್ಲಿ ಬರೆದಿರುವ ಒಂದು ಗಂಟೆಯೊಳಗೆ ಬಟ್ಟೆ ಬದಲಿಸುವುದು, ಕಾಲು ತೊಳೆಯುವುದು, ಕೊನೆಗೆ ಸ್ಟೀಮ್ ಅಥವಾ ಸ್ನಾನ ಇವೆಲ್ಲವೂ ಸೇರಿದ್ದರೆ ಮಸಾಜಿಗೆ ಉಳಿಯುವುದು ನಲವತ್ತು, ನಲವತ್ತೈದು ನಿಮಿಷ ಮಾತ್ರ. ಹೀಗಾಗಿ "ಒಂದು ಗಂಟೆಯೇ?" ಎಂದು ಕೇಳುವ ಬದಲು, "ಸ್ಟೀಮ್ ಮತ್ತು ಸ್ನಾನ ಬಿಟ್ಟು ಮಸಾಜ್ ಎಷ್ಟು ನಿಮಿಷ?" ಎಂದೇ ಕೇಳಬೇಕು. ನಾನು ಈಗ ಹೋಗುವ ಕಡೆ ಈ ಪ್ರಶ್ನೆಗೆ ನೇರವಾದ ಉತ್ತರ ಸಿಗುತ್ತದೆ. ಹಿಂದೆ ಹೋಗುತ್ತಿದ್ದ ಕಡೆ ಅದೇ ಪ್ರಶ್ನೆಗೆ "ಎಲ್ಲ ಸೇರಿ ಚೆನ್ನಾಗಿ ಮಾಡುತ್ತಾರೆ ಮೇಡಂ" ಎಂಬ ಮಾತು ಬರುತ್ತಿತ್ತು. ಕೆಲಸವೂ ಹಾಗೆಯೇ ಇರುತ್ತಿತ್ತು.

ಎರಡನೆಯದು ಹೆಸರುಗಳ ಮೋಸ. ಥಾಯ್ ಮಸಾಜ್ ಎಂಬುದನ್ನು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ, ಸಡಿಲವಾದ ಬಟ್ಟೆ ತೊಟ್ಟಂತೆಯೇ, ಎಣ್ಣೆಯಿಲ್ಲದೆ ಮಾಡುವುದು ಕ್ರಮ. ಕೈಕಾಲುಗಳನ್ನು ಎಳೆದು ಬಾಗಿಸುವುದೂ ಒತ್ತುವುದೂ ಅದರ ಮುಖ್ಯ ಅಂಗ. ಯುನೆಸ್ಕೊ 2019ರಲ್ಲಿ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವೀಡಿಷ್ ಮಸಾಜಿನಲ್ಲಿ ಎಣ್ಣೆ ಹಚ್ಚಿ ಉದ್ದಕ್ಕೆ ನೀವುತ್ತಾರೆ. ಡೀಪ್ ಟಿಶ್ಯೂ ಎಂದರೆ ನಿಧಾನವಾಗಿ, ಆಳವಾಗಿ ಸ್ನಾಯುಗಳ ಮೇಲೆ ಮಾಡುವ ಕೆಲಸ. ನಾನು ನೋಡಿದ ಒಂದು ಸ್ಪಾದಲ್ಲಿ ಈ ಮೂರಕ್ಕೂ ಬೇರೆ ಬೇರೆ ಬೆಲೆಯಿತ್ತು, ಆದರೆ ಕೊಠಡಿ ಒಂದೇ, ಎಣ್ಣೆ ಒಂದೇ, ಕೈಯ ಚಲನೆಯೂ ಒಂದೇ. ಆಯುರ್ವೇದದ ಅಭ್ಯಂಗ (ಬೆಚ್ಚಗಿನ ಎಣ್ಣೆಯ ಮಸಾಜ್) ಎಂದು ಹೇಳಿ ಸುಗಂಧ ಬೆರೆಸಿದ, ಹೆಸರಿಲ್ಲದ ಎಣ್ಣೆಯನ್ನು ತಣ್ಣಗೆ ಹಚ್ಚುವವರೂ ಇದ್ದಾರೆ. ಯಾವ ಎಣ್ಣೆ ಎಂದು ಕೇಳಿ, ಬಾಟಲಿಯನ್ನು ತೋರಿಸಲು ಹೇಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಅದು ನಮ್ಮ ಮೈಗೆ ಹಚ್ಚುವ ವಸ್ತು.

ಒತ್ತಡ ಹೆಚ್ಚಾದರೆ ಆ ಕ್ಷಣದಲ್ಲಿಯೇ ಹೇಳಬೇಕು. ನಮ್ಮಲ್ಲಿ ಅನೇಕರು, ವಿಶೇಷವಾಗಿ ಹಿರಿಯರು, "ಅವರಿಗೆ ಗೊತ್ತಿರುತ್ತದೆ" ಎಂದುಕೊಂಡು ಹಲ್ಲುಕಚ್ಚಿ ಸಹಿಸಿಕೊಳ್ಳುತ್ತಾರೆ. ನೋವಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲ. ನಿಮ್ಮ ತಾಯಿಯವರಿಗೆ ಇದನ್ನು ಮನೆಯಲ್ಲಿಯೇ ತಿಳಿಹೇಳಿ ಕರೆದುಕೊಂಡು ಹೋಗಿ.

ಈ ಉದ್ಯಮದಲ್ಲಿ ಕೆಲಸ ಮಾಡಿದ್ದ ಒಬ್ಬರು (ಬೆಂಗಳೂರು)

ನಾನು ಹಿಂದೆ ಒಂದು ಸ್ಪಾದ ರಿಸೆಪ್ಷನ್‌ನಲ್ಲಿದ್ದೆ. ಗ್ರಾಹಕರಿಗೆ ಕಾಣುವ ದೋಷಗಳ ಹಿಂದಿನ ಕಾರಣಗಳನ್ನು ತಿಳಿದುಕೊಂಡರೆ ಜಾಗವನ್ನು ಆರಿಸುವುದು ಸುಲಭವಾಗುತ್ತದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸಂಬಳ ಕಡಿಮೆಯಿತ್ತು, ಪ್ಯಾಕೇಜ್ ಮಾರಿದರೆ ಕಮಿಷನ್ ಬರುತ್ತಿತ್ತು. ಆದ್ದರಿಂದ ಬಂದವರ ನೋವು ಯಾವುದು, ಅವರಿಗೆ ಯಾವ ಕಾಯಿಲೆಯಿದೆ ಎಂದು ವಿಚಾರಿಸುವುದಕ್ಕಿಂತ ಹತ್ತು ಸಲದ ಯೋಜನೆಗೆ ಒಪ್ಪಿಸುವುದೇ ನಮ್ಮ ಮುಖ್ಯ ಕೆಲಸವಾಗಿತ್ತು. ನಾವು ಬರೆದುಕೊಂಡ ಮಾಹಿತಿ ಒಳಗಿನ ಥೆರಪಿಸ್ಟ್‌ಗೆ ತಲುಪಲು ಯಾವ ವ್ಯವಸ್ಥೆಯೂ ಇರಲಿಲ್ಲ. ಬೆಂಗಳೂರಿನ ಸ್ಪಾಗಳಲ್ಲಿ ಈಶಾನ್ಯ ರಾಜ್ಯಗಳಿಂದ ಬಂದು ದುಡಿಯುವ ಹೆಣ್ಣುಮಕ್ಕಳು ಬಹಳ ಮಂದಿ ಇದ್ದಾರೆ. ಅವರಿಗೆ ಕನ್ನಡ ಬಾರದು, ಕೆಲವು ಗ್ರಾಹಕರಿಗೆ ಹಿಂದಿ ಬಾರದು. "ಭುಜದಲ್ಲಿ ನೋವಿದೆ" ಎಂದು ನೀವು ಹೊರಗೆ ಹೇಳಿದ್ದು ಒಳಗೆ ಗೊತ್ತೇ ಆಗಿರಲಿಕ್ಕಿಲ್ಲ. ಮಲಗುವ ಮೊದಲು ಮಸಾಜ್ ಮಾಡುವವರಿಗೇ, ಕೈಯಿಟ್ಟು ತೋರಿಸಿ ಹೇಳಿ.

ಮಸಾಜ್ ಬೇಗ ಮುಗಿಯುವುದಕ್ಕೂ ಕಾರಣವಿದೆ. ಒಬ್ಬರು ಎದ್ದ ಕೂಡಲೇ ಇನ್ನೊಬ್ಬರನ್ನು ಅದೇ ಕೊಠಡಿಗೆ ಕಳುಹಿಸುವಂತೆ ಬುಕಿಂಗ್ ಇಟ್ಟಿದ್ದರೆ, ಹಾಸಿಗೆಯ ಬಟ್ಟೆ ಬದಲಿಸುವ ಸಮಯವನ್ನು ನಿಮ್ಮ ಗಂಟೆಯಿಂದಲೇ ಕತ್ತರಿಸಬೇಕಾಗುತ್ತದೆ. ಒಬ್ಬಳೇ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಮೈ ತಿಕ್ಕಿದರೆ ಅವಳ ಬೆರಳುಗಳಲ್ಲಿಯೂ ಮಣಿಕಟ್ಟಿನಲ್ಲಿಯೂ ನೋವು ಬರುತ್ತದೆ, ಆಗ ಅವಳು ಮೊಣಕೈ ಬಳಸತೊಡಗುತ್ತಾಳೆ, ಒತ್ತಡದ ಅಂದಾಜು ತಪ್ಪುತ್ತದೆ. ಭಾನುವಾರ ಸಂಜೆಯ ಮಸಾಜ್‌ಗೂ ವಾರದ ಮಧ್ಯದ ಬೆಳಗಿನ ಮಸಾಜ್‌ಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲಸದವರನ್ನು ಹೀಗೆ ದುಡಿಸುವ ಮಾಲೀಕರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಗ್ರಾಹಕರ ಬೈಗುಳ ಮಾತ್ರ ಆ ಹುಡುಗಿಯರ ಪಾಲಿಗೆ ಬರುತ್ತಿತ್ತು.

ಬಿಲ್ಲಿನ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಮತ್ತು ದೈಹಿಕ ಆರೈಕೆಯ ಸೇವೆಗಳ ಮೇಲಿನ ಜಿಎಸ್‌ಟಿಯನ್ನು ಶೇ 18ರಿಂದ ಶೇ 5ಕ್ಕೆ ಇಳಿಸಲಾಗಿದೆ. ಹಳೆಯ ದರದಲ್ಲಿಯೇ ತೆರಿಗೆ ಹಾಕಿದ್ದರೆ ಪ್ರಶ್ನಿಸಿ. ಬಿಲ್ಲೇ ಕೊಡದೆ, "ನಗದು ಕೊಟ್ಟರೆ ತೆರಿಗೆಯಿಲ್ಲ" ಎನ್ನುವ ಕಡೆ ಪ್ಯಾಕೇಜ್ ಖಂಡಿತ ಬೇಡ. ಮುಂದೆ ತಕರಾರು ಬಂದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಉಡುಪಿಯಿಂದ ಒಬ್ಬ ಆಯುರ್ವೇದ ವೈದ್ಯೆ

ತಾಯಿಯವರ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ನಿರಾಶೆಗಿಂತ ಅಪಾಯದ ಚಿಂತೆ ದೊಡ್ಡದು.

ಸಕ್ಕರೆ ಕಾಯಿಲೆ ಹಳೆಯದಾದಂತೆ ಅನೇಕರಿಗೆ ಪಾದಗಳ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಎಣ್ಣೆ ಅಥವಾ ಬಿಸಿ ಪೊಟ್ಟಣ ಅತಿಯಾಗಿ ಬಿಸಿಯಾಗಿದ್ದರೂ ಅವರಿಗೆ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಬೊಬ್ಬೆ ಎದ್ದಿರುತ್ತದೆ, ಆ ಗಾಯ ಬೇಗ ಮಾಯುವುದೂ ಇಲ್ಲ. ಆಸ್ಪತ್ರೆಯಲ್ಲಿ ನಾವು ಎಣ್ಣೆಯ ಬಿಸಿಯನ್ನು ಮೊದಲು ನಮ್ಮ ಕೈಯ ಮೇಲೆ ನೋಡಿ, ನಂತರ ರೋಗಿಗೆ ಹಚ್ಚುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರಾಗಿದ್ದರೆ ಚುಚ್ಚಿದ ಜಾಗವನ್ನು ಸ್ವಲ್ಪ ಹೊತ್ತಿನಲ್ಲಿಯೇ ತಿಕ್ಕಬಾರದು, ಅದರಿಂದ ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಕುಸಿಯಬಹುದು. ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ಅಭ್ಯಂಗ ಸಲ್ಲದು, ಆದರೆ ಸಕ್ಕರೆ ಕಾಯಿಲೆಯವರನ್ನು ಬರಿಹೊಟ್ಟೆಯಲ್ಲಿ ಗಂಟೆಗಟ್ಟಲೆ ಕಾಯಿಸುವುದೂ ಸಲ್ಲದು. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮೀನಖಂಡದಲ್ಲಿ ನೋಯುತ್ತಿದ್ದರೆ ಯಾವ ಕಾರಣಕ್ಕೂ ಅಲ್ಲಿ ಮಸಾಜ್ ಮಾಡಿಸಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗುವ ಸಂಭವವಿರುತ್ತದೆ. ಮೊದಲು ವೈದ್ಯರಿಗೆ ತೋರಿಸಬೇಕು. ಕುತ್ತಿಗೆಯನ್ನು ತಟ್ಟನೆ ತಿರುಗಿಸಿ ನೆಟಿಗೆ ತೆಗೆಯುವುದನ್ನು ಯಾವ ವಯಸ್ಸಿನವರೂ ಒಪ್ಪಬಾರದು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ನಿದರ್ಶನಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಇವುಗಳಲ್ಲಿ ಒಂದನ್ನೂ ಕೇಳದೆ ನೇರವಾಗಿ ಟವೆಲ್ ಕೈಗಿಡುವ ಜಾಗದಿಂದ ಹಿಂದಿರುಗಿ ಬರುವುದು ಕ್ಷೇಮ. ನನ್ನ ಬಳಿಗೆ ಬರುವವರಲ್ಲಿ ಸ್ಪಾದಿಂದ ನೋವು ಹೆಚ್ಚಿಸಿಕೊಂಡು ಬಂದ ಬಹುತೇಕರನ್ನು "ಅವರು ನಿಮಗೆ ಏನು ಕೇಳಿದರು?" ಎಂದು ವಿಚಾರಿಸಿದರೆ, ಹೆಸರು ಮತ್ತು ಫೋನ್ ನಂಬರ್ ಬಿಟ್ಟು ಏನನ್ನೂ ಕೇಳಿರುವುದಿಲ್ಲ. ಔಷಧ, ಶಸ್ತ್ರಚಿಕಿತ್ಸೆ, ಚರ್ಮದ ಅಲರ್ಜಿ, ಬಿಪಿ, ಗರ್ಭಿಣಿಯೇ ಎಂಬುದು, ಕೊನೆಯ ಊಟ ಯಾವಾಗ ಎಂಬುದು ಇವಿಷ್ಟನ್ನು ಕೇಳಲು ಐದು ನಿಮಿಷ ಸಾಕು.

ಮಂಡಿನೋವಿಗೆ ಇಡೀ ಮೈಯ ಮಸಾಜೇ ಬೇಕೆಂದಿಲ್ಲ. ಉದ್ದಿನ ಹಿಟ್ಟಿನ ಕಟ್ಟೆಯನ್ನು ಮಂಡಿಯ ಸುತ್ತ ಕಟ್ಟಿ, ಅದರೊಳಗೆ ಬೆಚ್ಚಗಿನ ತೈಲವನ್ನು ನಿಲ್ಲಿಸುವ ಜಾನುಬಸ್ತಿ ಎಂಬ ಕ್ರಮವಿದೆ. ಅದು ಅವರಿಗೆ ಹೊಂದುವುದೇ ಇಲ್ಲವೇ ಎಂಬುದನ್ನು ವೈದ್ಯರು ನೋಡಿ ಹೇಳಬೇಕು. ಸವೆದ ಕೀಲನ್ನು ಎಣ್ಣೆ ಮರಳಿ ಬೆಳೆಸುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಬೆಂಗಳೂರಿನ ಧನ್ವಂತರಿ ರಸ್ತೆಯಲ್ಲಿರುವ ಸರ್ಕಾರಿ ಜಯಚಾಮರಾಜೇಂದ್ರ ಭಾರತೀಯ ವೈದ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ ಆಯುರ್ವೇದದ ಬಿಎಎಂಎಸ್ ಪದವಿ ಓದಿದ ವೈದ್ಯರು ಪರೀಕ್ಷಿಸಿಯೇ ಚಿಕಿತ್ಸೆ ಬರೆಯುತ್ತಾರೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿಗೂ, ಉಡುಪಿ ಹಾಗೂ ಹಾಸನದ ಎಸ್‌ಡಿಎಂ ಆಯುರ್ವೇದ ಕಾಲೇಜುಗಳಿಗೂ ಆಸ್ಪತ್ರೆಗಳಿವೆ. ಅಲ್ಲಿ ಸುಗಂಧದ ದೀಪ, ಮೆಲುಸಂಗೀತ ಇರಲಾರದು, ಸಾಲಿನಲ್ಲಿ ಕಾಯಬೇಕಾಗಲೂಬಹುದು. ಖಾಸಗಿ ಕಡೆ ಹೋಗುವುದಾದರೆ, ಚಿಕಿತ್ಸೆ ಕೊಡುತ್ತೇವೆನ್ನುವ ಆಯುರ್ವೇದ ಕೇಂದ್ರವು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು ಎಂಬುದು ನೆನಪಿರಲಿ; ಆ ಪ್ರಮಾಣಪತ್ರವನ್ನು ತೋರಿಸುವಂತೆ ನೀವು ಕೇಳಬಹುದು.

ಮಂಗಳೂರಿನಿಂದ ಒಬ್ಬರು

ಒಂದೇ ಒಂದು ವಿಷಯ ಸೇರಿಸುತ್ತೇನೆ. ಮಸಾಜ್ ಮಾಡುವವರು ಹೆಂಗಸರೇ ಎಂದು ಬುಕಿಂಗ್ ಸಮಯದಲ್ಲಿಯೇ ಖಚಿತಪಡಿಸಿಕೊಳ್ಳಿ. ನನಗೆ ಒಂದು ರೆಸಾರ್ಟಿನಲ್ಲಿ ಕೊನೆಯ ಗಳಿಗೆಯಲ್ಲಿ "ಇಂದು ಅವರು ರಜೆ, ಪುರುಷ ಥೆರಪಿಸ್ಟ್ ಆಗಬಹುದೇ?" ಎಂದು ಕೇಳಿದರು. ಒಪ್ಪದೆ ಹಣ ವಾಪಸು ಪಡೆದು ಬಂದೆ. ಕೆಲಸ ನಡೆಯುವ ಭಾಗವನ್ನು ಬಿಟ್ಟು ಉಳಿದ ಮೈಯನ್ನು ಬಟ್ಟೆಯಿಂದ ಮುಚ್ಚಿರಬೇಕು, ಮಸಾಜ್ ಮಾಡುವವರು ಫೋನ್ ಹಿಡಿದು ಒಳಗೆ ಬರಬಾರದು. ಯಾವುದೇ ಸ್ಪರ್ಶ ಸರಿಯೆನಿಸದಿದ್ದರೆ ಕಾರಣ ವಿವರಿಸುತ್ತ ಕೂರದೆ, ನಿಲ್ಲಿಸಿ ಎಂದು ಹೇಳಿ ಎದ್ದುಬರುವ ಹಕ್ಕು ನಮಗಿದೆ. ತಾಯಿಯವರೊಂದಿಗೆ ನೀವೂ ಅದೇ ಕೊಠಡಿಯಲ್ಲಿ ಕುಳಿತಿರಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಬಿಡುವುದಿಲ್ಲವೆಂದರೆ ಆ ಜಾಗ ಬೇಡ.

ಹುಬ್ಬಳ್ಳಿಯಿಂದ ಒಬ್ಬ ವಕೀಲರು

ಪ್ಯಾಕೇಜಿನ ಹಣದ ಪ್ರಶ್ನೆ ಉಳಿದಿದೆ. "ಹಣ ಹಿಂದಿರುಗಿಸುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಸೇವೆಯಲ್ಲಿ ಕೊರತೆಯಿದ್ದಾಗ ಅದನ್ನು ನಿಲ್ಲಿಸಿ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಣ ಹಿಂದಿರುಗಿಸಲು ನಿರಾಕರಿಸುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಬಿಲ್ ಕೊಡದಿರುವುದೂ ಅದೇ ಸಾಲಿನಲ್ಲಿದೆ. ಆದರೆ ಕೊರತೆಯಿತ್ತು ಎಂಬುದನ್ನು ತೋರಿಸಬೇಕಾದವರು ನೀವು. "ನನಗೆ ಹಿಡಿಸಲಿಲ್ಲ" ಎಂಬುದು ಸಾಲದು; "60 ನಿಮಿಷಕ್ಕೆ ಹಣ ಪಡೆದು 45 ನಿಮಿಷದೊಳಗೆ ಮುಗಿಸಿದಿರಿ, ನೋವಿನ ಭುಜದ ಬಗ್ಗೆ ತಿಳಿಸಿದ್ದರೂ ಒತ್ತಿದಿರಿ" ಎಂಬುದು ನಿಲ್ಲುವ ಮಾತು. ಬುಕಿಂಗ್ ಸಂದೇಶ, ಬಿಲ್, ಯುಪಿಐ ಪಾವತಿಯ ದಾಖಲೆ, ವೈದ್ಯರಿಗೆ ತೋರಿಸಿದ್ದರೆ ಅವರ ಚೀಟಿ ಇವುಗಳನ್ನು ಒಂದೆಡೆ ಇಟ್ಟುಕೊಳ್ಳಿ.

ಫೋನಿನಲ್ಲಿ ವಾದಿಸುವುದನ್ನು ನಿಲ್ಲಿಸಿ ಬರವಣಿಗೆಯಲ್ಲಿ ಕೇಳಿ. ಬಳಸದೆ ಉಳಿದ ಸಲಗಳೆಷ್ಟು, ಅದಕ್ಕೆ ಸಲ್ಲಬೇಕಾದ ಮೊತ್ತವೆಷ್ಟು, ಯಾವ ದಿನಾಂಕದೊಳಗೆ ಕೊಡಬೇಕು ಎಂಬುದನ್ನು ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಮೂಲಕ ತಿಳಿಸಿ. ಬಳಸಿದ ಒಂದು ಸಲಕ್ಕೆ ಪ್ಯಾಕೇಜ್ ದರದ ಬದಲು ಪೂರ್ಣ ದರ ಹಿಡಿಯುತ್ತೇವೆ ಎಂದು ಅವರು ಹೇಳಿದರೆ, ಬೇಗ ಮುಗಿಯಲಿ ಎಂಬ ದೃಷ್ಟಿಯಿಂದ ಅದನ್ನು ಒಪ್ಪಿಕೊಳ್ಳುವುದು ಕೆಲವೊಮ್ಮೆ ಲಾಭದಾಯಕ ಎಂಬುದು ನನ್ನ ಅಭಿಪ್ರಾಯ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಿ. ಸಣ್ಣ ಮೊತ್ತದ ತಕರಾರುಗಳು ಅಲ್ಲಿಯೇ ಬಗೆಹರಿದುದನ್ನು ನಾನು ಕಂಡಿದ್ದೇನೆ.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಸ್ಪಾ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಅಂಗಡಿಯೇ ಬಾಗಿಲು ಹಾಕಿಕೊಂಡು ಹೋದರೆ ಆದೇಶ ಸಿಕ್ಕರೂ ವಸೂಲಿ ಕಷ್ಟ, ಆದ್ದರಿಂದ ಪತ್ರವನ್ನು ಈ ವಾರವೇ ಕಳುಹಿಸಿ. ಬಿಲ್ಲಿನಲ್ಲಿರುವ ಸಂಸ್ಥೆಯ ನೋಂದಾಯಿತ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆಗಳನ್ನು ಅದರಲ್ಲಿ ತಪ್ಪದೆ ನಮೂದಿಸಿ, ಹೊರಗಿನ ಬೋರ್ಡಿನ ಮೇಲಿರುವ ಹೆಸರೊಂದನ್ನೇ ಬರೆಯಬೇಡಿ.